ಕಾಸರಗೋಡಿನಲ್ಲಿ ಆಟದ ದುಡ್ಡು ಎಲ್ಲಿಗೆ ಹೋಗುತ್ತದೆ?

ಟಿಕೆಟ್ಟೇ ಇಲ್ಲದ ಯಕ್ಷಗಾನದಿಂದ ಊರಿಗೆ ಏನು ಆದಾಯ ಎಂದು ಕೇಳಿದ್ದೀರಿ. ಯಕ್ಷಗಾನಕ್ಕೆ ನಾವು ಆಟ ಎನ್ನುತ್ತೇವೆ, ಆಡುವ ತಂಡಕ್ಕೆ ಮೇಳ. ಡೇರೆ ಹಾಕಿ ಆಡುತ್ತಿದ್ದ ಮೇಳಗಳ ಕಾಲದಲ್ಲಿ ಟಿಕೆಟ್ ಇತ್ತು. ಈಗ ನಮ್ಮ ಕಡೆ ಜಾಸ್ತಿ ನಡೆಯುವುದು ಹರಕೆ ಆಟ. ಮಗಳ ಮದುವೆಯಾಯಿತು, ಕಾಯಿಲೆ ವಾಸಿಯಾಯಿತು ಎಂದು ಒಂದು ಮನೆಯವರು ಆಟ ಹೇಳಿಕೊಳ್ಳುತ್ತಾರೆ. ಖರ್ಚು ಅವರದ್ದು, ನೋಡುವುದು ಇಡೀ ಊರು. ಕಟೀಲು ದೇವಸ್ಥಾನದ ಮೇಳದ ಹಲವು ತಂಡಗಳು ಒಂದೇ ರಾತ್ರಿ ಬೇರೆ ಬೇರೆ ಕಡೆ ಆಡುತ್ತವೆ. ಆದರೂ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು!

ಆ ಮನೆಯವರ ದುಡ್ಡು ಮೇಳಕ್ಕಷ್ಟೇ ಹೋಗುವುದಿಲ್ಲ. ಶಾಮಿಯಾನ, ಲೈಟು, ಮೈಕು, ಕುರ್ಚಿ, ಹೂವು, ಅಡಿಗೆಯವರು ಎಲ್ಲ ಅಕ್ಕಪಕ್ಕದವರೇ. ಗದ್ದೆಯ ಅಂಚಿನಲ್ಲಿ ಚರುಂಬುರಿ, ಚಾ, ಐಸ್‌ಕ್ರೀಂ ಮಾರುವವರಿಗೂ ಅದು ವ್ಯಾಪಾರದ ರಾತ್ರಿ. ಇನ್ನು ಕಿರೀಟ, ಭುಜಕೀರ್ತಿ ಮಾಡುವವರು, ಚೆಂಡೆ ಮದ್ದಳೆಗೆ ಚರ್ಮ ಕಟ್ಟುವವರು ಇದ್ದಾರೆ. ಇವರನ್ನು ಯಾರೂ ರಂಗಸ್ಥಳಕ್ಕೆ ಕರೆದು ಶಾಲು ಹೊದೆಸುವುದಿಲ್ಲ. ಇವರಿಲ್ಲದಿದ್ದರೆ ಬಣ್ಣ ಹಚ್ಚುವ ಚೌಕಿಯಿಂದ ಒಂದು ವೇಷವೂ ಹೊರಡುವುದಿಲ್ಲ.

ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ತೆಯ್ಯಂ, ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ. ಅಲ್ಲೂ ಟಿಕೆಟ್ ಇಲ್ಲ. ಎಷ್ಟೋ ವರ್ಷಗಳಿಗೊಮ್ಮೆ ನಡೆಯುವ ಪೆರುಂಕಳಿಯಾಟ ಎಂಬ ದೊಡ್ಡ ತೆಯ್ಯಂ ಉತ್ಸವಕ್ಕೆ ಊರವರೇ ಸಮಿತಿ ಮಾಡಿ ಚಂದಾ ಎತ್ತುತ್ತಾರೆ. ಬಂದವರಿಗೆಲ್ಲ ಊಟ. ಗಲ್ಫಿನಲ್ಲಿರುವವರು ರಜೆ ಹಾಕಿ ಬರುತ್ತಾರೆ.

ಸರ್ಕಾರ ಏನೂ ಮಾಡಿಲ್ಲವಾ ಎಂದರೆ, ಮಾಡಿದೆ. ಕೆಳದಿಯವರು ಕಟ್ಟಿದ ಬೇಕಲ ಕೋಟೆಯ ಸುತ್ತಲಿನ ಜಾಗವನ್ನು 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶ ಎಂದು ಘೋಷಿಸಿದರು. 1995ರಲ್ಲಿ ಅದಕ್ಕೆಂದೇ ಒಂದು ನಿಗಮವೂ ಆಯಿತು. ದೊಡ್ಡ ರೆಸಾರ್ಟುಗಳು ಬಂದವು, ಕೆಲಸವೂ ಸಿಕ್ಕಿತು, ಅಲ್ಲ ಎನ್ನುವುದಿಲ್ಲ. ಆದರೆ ಅಲ್ಲಿಗೆ ಬಂದವರು ಕೋಟೆ ನೋಡಿ, ಕಡಲು ನೋಡಿ ವಾಪಸ್ಸು ಹೋಗುತ್ತಾರೆ. ಉತ್ತರಕ್ಕೆ ಸ್ವಲ್ಪ ಬಂದರೆ ಕುಂಬಳೆ, ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬನ ಊರು. ಅಲ್ಲಿಗೆ ತಿರುಗುವವರು ಕಡಿಮೆ.

ನನ್ನನ್ನು ಕೇಳಿದರೆ ಬೆಂಬಲ ಬೇಕಾಗಿರುವುದು ಮಳೆಗಾಲಕ್ಕೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ಶುರುವಾಗುವುದು ನವೆಂಬರ್ ಹೊತ್ತಿಗೆ. ಅಲ್ಲಿಯವರೆಗೆ ಹೆಸರಾದವರಿಗೆ ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆ, ಮುಂಬೈ, ಬೆಂಗಳೂರಿನ ಕಾರ್ಯಕ್ರಮ ಸಿಗುತ್ತದೆ. ಸಣ್ಣ ವೇಷದವರು ಚಿಕ್ಕಮೇಳ ಕಟ್ಟಿಕೊಂಡು ಮನೆ ಮನೆಗೆ ಹೋಗುತ್ತಾರೆ, ಇಲ್ಲವೇ ತೋಟದ ಕೆಲಸಕ್ಕೆ. ಗಡಿಯ ಉಪದ್ರ ಬೇರೆ. ಮನೆ ಕೇರಳದಲ್ಲಿ, ದುಡಿದದ್ದು ದಕ್ಷಿಣ ಕನ್ನಡದ ಮೇಳದಲ್ಲಿ. ಸಹಾಯಕ್ಕೆ ಅರ್ಜಿ ಹಾಕುವಾಗ ಯಾವ ಕಡೆಯ ಕಲಾವಿದ ಎಂಬ ಪ್ರಶ್ನೆ ಏಳುತ್ತದೆ. ಕರ್ನಾಟಕದ ಗಡಿ ಪ್ರಾಧಿಕಾರದಿಂದ ಇಲ್ಲಿನ ಕನ್ನಡ ಸಂಘಗಳಿಗೆ ನೆರವು ಬರುತ್ತದೆ, ಒಳ್ಳೆಯದೇ. ಆದರೆ ಒಂದು ಸಂಜೆಯ ಕಾರ್ಯಕ್ರಮದಿಂದ ಆಷಾಢದ ಅಕ್ಕಿ ಬರುವುದಿಲ್ಲ ಅಲ್ವಾ? ಮಳೆಗಾಲದಲ್ಲಿ ಶಾಲೆಗಳಲ್ಲಿ ಕಲಿಸುವ ಕೆಲಸ ಕೊಟ್ಟು ತಿಂಗಳ ಸಂಬಳ ಕೊಟ್ಟರೆ ಮಕ್ಕಳಿಗೂ ಆಟ ಬರುತ್ತದೆ, ಇವರ ಮನೆಯೂ ನಡೆಯುತ್ತದೆ.

ಕೈಮಗ್ಗದ ಕಾಸರಗೋಡು ಸೀರೆಯದ್ದೂ ಹೀಗೆಯೇ. ಗೆರೆ, ಚೌಕುಳಿಯ ಹತ್ತಿ ಸೀರೆ, ತುಂಬಾ ಬಾಳಿಕೆ ಬರುತ್ತದೆ. ಜಿಐ ಗುರುತು, ಅಂದರೆ ಈ ಊರಿನದ್ದೇ ಎಂಬ ಭೌಗೋಳಿಕ ಗುರುತು, ಸಿಕ್ಕಿದೆ. ಗುರುತು ಸಿಕ್ಕಿದ ಮಾತ್ರಕ್ಕೆ ಮಗ್ಗದಲ್ಲಿ ಕೂರಲು ಹೊಸಬರು ಬರುವುದಿಲ್ಲ. ಕೂಲಿ ನೋಡಿ ಬರುತ್ತಾರೆ.

ನೀವು ಬರುವುದಾದರೆ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಬನ್ನಿ. ರೈಲಿನಲ್ಲಿ ಕುಂಬಳೆಯಲ್ಲೋ ಕಾಸರಗೋಡಿನಲ್ಲೋ ಇಳಿಯಿರಿ. ಊರಿನ ಲಾಡ್ಜಿನಲ್ಲೇ ಉಳಿಯಿರಿ. ಸೀರೆಯನ್ನು ನೇಕಾರರ ಸೊಸೈಟಿಯಿಂದಲೇ ತಗೊಳ್ಳಿ. ಆಟ ಎಲ್ಲಿದೆ ಎಂದು ಯಾವುದೇ ಚಾದಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಕರೆಯೋಲೆ ಬೇಡ, ಹೋಗಿ ಕುಳಿತರಾಯಿತು.