ಕೋಟಿ ಡಿಗ್ರಿ ಪ್ಲಾಸ್ಮಾದೊಳಗೆ ಹೆಪ್ಪುಗಟ್ಟಿದ ಪೆಲೆಟ್ ಉಳಿಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಟೋಕಮಾಕ್ ಅಂದರೆ ಪರಮಾಣು ಸಮ್ಮಿಲನಕ್ಕಾಗಿ ಪ್ಲಾಸ್ಮಾವನ್ನು (ವಿದ್ಯುದಾವೇಶವಿರುವ ಅಯಾನು, ಎಲೆಕ್ಟ್ರಾನ್‌ಗಳಾಗಿ ಒಡೆದ ಅನಿಲವನ್ನು) ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರ. ಅದರ ಪ್ಲಾಸ್ಮಾ ಕೋಟಿಗಟ್ಟಲೆ ಡಿಗ್ರಿ ಬಿಸಿ ಇರುತ್ತದೆ. ಅದಕ್ಕೆ ಇಂಧನ ಅಂತ ಹೆಪ್ಪುಗಟ್ಟಿದ ಡ್ಯೂಟೀರಿಯಂ (ಭಾರವಾದ ಹೈಡ್ರೋಜನ್) ಪೆಲೆಟ್, ಅಂದರೆ ಪುಟ್ಟ ಉಂಡೆ, ಎಸೆದರೆ ಅಂಚಿನಲ್ಲೇ ಆವಿಯಾಗಿ ಹೋಗಲ್ವಾ?

ಹೋಗಬೇಕಿತ್ತು. ವಿದ್ಯಾರ್ಥಿಯಾಗಿದ್ದಾಗ ನಾನೂ ಹಾಗೇ ಅಂದುಕೊಂಡು ಲೆಕ್ಕಕ್ಕೆ ಕೂತಿದ್ದೆ. ಘನ ಡ್ಯೂಟೀರಿಯಂ ತೀರಾ ಪುಕ್ಕಲು ವಸ್ತು. 18.7 ಕೆಲ್ವಿನ್‌ಗೇ (ಸುಮಾರು ಮೈನಸ್ 254 ಡಿಗ್ರಿ ಸೆಲ್ಸಿಯಸ್) ಕರಗುತ್ತದೆ. ಮೇಲ್ಮೈಯಿಂದ ಒಂದು ಅಣುವನ್ನು ಕೀಳಲು ಒಂದು ಎಲೆಕ್ಟ್ರಾನ್ ವೋಲ್ಟಿನ (ಕಣಗಳ ಶಕ್ತಿ ಅಳೆಯುವ ಮಾನ) ನೂರನೇ ಒಂದು ಭಾಗದಷ್ಟು ಶಕ್ತಿ ಸಾಕು. ಎದುರಿಗೆ ನುಗ್ಗಿ ಬರುವ ಒಂದೊಂದು ಎಲೆಕ್ಟ್ರಾನ್ ಬಳಿ ಸಾವಿರ ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಅಂದರೆ ಒಂದೇ ಎಲೆಕ್ಟ್ರಾನ್ ಸುಮಾರು ಲಕ್ಷ ಅಣುಗಳನ್ನು ಕಿತ್ತು ಹಾಕಬಹುದು. 3 ಮಿಲಿಮೀಟರ್ ಪೆಲೆಟ್‌ಗೆ ನನ್ನ ಲೆಕ್ಕದಲ್ಲಿ ಬಂದ ಆಯುಸ್ಸು ಸುಮಾರು 1 ಮೈಕ್ರೋಸೆಕೆಂಡ್. ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಹೊರಟರೂ ಅಷ್ಟರಲ್ಲಿ ಅರ್ಧ ಮಿಲಿಮೀಟರ್ ಮುಂದೆ ಹೋಗಿರುತ್ತದೆ. ತನ್ನ ಮೈ ಅಗಲದಷ್ಟೂ ಇಲ್ಲ!

ಆದರೆ ನಿಜವಾದ ಯಂತ್ರಗಳಲ್ಲಿ ಪೆಲೆಟ್ 1 ಮಿಲಿಸೆಕೆಂಡಿನ ಆಸುಪಾಸು ಬದುಕಿರುತ್ತದೆ, ಹತ್ತಾರು ಸೆಂಟಿಮೀಟರ್ ಒಳಗೆ ಹೋಗುತ್ತದೆ. ಸಾವಿರ ಪಟ್ಟು ವ್ಯತ್ಯಾಸ. ಎರಡೆರಡು ಸಲ ಸೊನ್ನೆ ಎಣಿಸಿದೆ. ಸೊನ್ನೆಗಳೆಲ್ಲ ಸರಿಯಾಗಿಯೇ ಇದ್ದವು.

ನಾನು ಮರೆತಿದ್ದು, ಕಿತ್ತುಬಂದ ಅಣುಗಳು ಎಲ್ಲಿಗೆ ಹೋಗುತ್ತವೆ ಅನ್ನೋದನ್ನ. ಅವು ತಕ್ಷಣ ಮಾಯವಾಗುವುದಿಲ್ಲ. ಪೆಲೆಟ್ ಸುತ್ತ ದಟ್ಟವಾದ, ತಣ್ಣಗಿನ ಅನಿಲದ ಮೋಡವಾಗಿ ನಿಲ್ಲುತ್ತವೆ. ಆಮೇಲೆ ಬರುವ ಎಲೆಕ್ಟ್ರಾನ್‌ಗಳು ಈ ಮೋಡದಲ್ಲೇ ಬಹುಪಾಲು ಶಕ್ತಿ ಕಳೆದುಕೊಳ್ಳುತ್ತವೆ. ಚೆನ್ನಾಗಿ ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಾಗ ಹನಿ ಆರದೆ ಗುಂಡಗೆ ಓಡಾಡುತ್ತದಲ್ಲ, ಹೆಚ್ಚು ಕಡಿಮೆ ಅದೇ ಕಥೆ. ಅಲ್ಲಿ ಹನಿಯದೇ ಹಬೆ ಅದನ್ನು ಕಾಯುತ್ತದೆ, ಇಲ್ಲಿ ಪೆಲೆಟ್‌ನದೇ ಆವಿ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು ಒಂದು ವಿಷಯ. ಮೋಡ ತೆಳುವಾದರೆ ಒಳಗೆ ಶಾಖ ಜಾಸ್ತಿ ನುಗ್ಗುತ್ತದೆ. ಶಾಖ ಜಾಸ್ತಿಯಾದರೆ ಹೆಚ್ಚು ಆವಿ ಏಳುತ್ತದೆ, ಮೋಡ ಮತ್ತೆ ದಪ್ಪವಾಗುತ್ತದೆ. ಯಾರೂ ಹಿಡಿತ ಮಾಡದೆಯೇ ಸವೆತದ ವೇಗ ತಾನಾಗಿ ಒಂದು ಹದಕ್ಕೆ ಬಂದು ನಿಲ್ಲುತ್ತದೆ. 1978ರಲ್ಲಿ ಪಾರ್ಕ್ಸ್ ಮತ್ತು ಟರ್ನ್‌ಬುಲ್ ಎಂಬ ಭೌತವಿಜ್ಞಾನಿಗಳು ಇದನ್ನು ಗಣಿತಕ್ಕೆ ಇಳಿಸಿದರು. ಅವರ ಪ್ರಕಾರ ಪ್ಲಾಸ್ಮಾದ ಸಾಂದ್ರತೆ ಎರಡು ಪಟ್ಟಾದರೆ ಸವೆತ ಕಾಲುಭಾಗದಷ್ಟೇ ಹೆಚ್ಚುತ್ತದೆ. ಎಲೆಕ್ಟ್ರಾನ್‌ಗಳ ತಾಪ ಎರಡು ಪಟ್ಟಾದರೆ ಮಾತ್ರ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಪೆಲೆಟ್‌ಗೆ ನಿಜವಾದ ವೈರಿ ತಾಪವೇ.

"ಹಾಗಾದ್ರೆ ಇನ್ನೂ ಜೋರಾಗಿ ಎಸೆದರಾಯ್ತು" ಅಂತ ನಿಮಗೆ ಅನ್ನಿಸಬಹುದು. ಅದರಿಂದ ಅಂಥ ಲಾಭವಿಲ್ಲ. ವೇಗ ಎರಡು ಪಟ್ಟು ಮಾಡಿದರೂ ಪೆಲೆಟ್ ಹೋಗುವ ಆಳ ಕಾಲುಭಾಗದಷ್ಟು ಮಾತ್ರ ಹೆಚ್ಚುತ್ತದೆ.

ಇಷ್ಟೆಲ್ಲ ಕಷ್ಟಪಡುವ ಬದಲು ಸುಮ್ನೆ ಅನಿಲ ಊದಬಾರದಾ? ಸಣ್ಣ ಯಂತ್ರಗಳಲ್ಲಿ ಊದುತ್ತಾರೆ. ದೊಡ್ಡ, ಬಿಸಿ ಪ್ಲಾಸ್ಮಾದಲ್ಲಿ ಆ ಅನಿಲ ಅಂಚಿನಲ್ಲೇ ಅಯಾನುಗಳಾಗಿಬಿಡುತ್ತದೆ, ನಡುಭಾಗಕ್ಕೆ ತಲುಪುವುದು ಅತ್ಯಲ್ಪ.

ಈಗ ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಬಹಳ ಮುಖ್ಯವಾದ ಭಾಗ. ಪೆಲೆಟ್ ಎಲ್ಲಿ ಸವೆಯಿತೋ ಇಂಧನ ಅಲ್ಲೇ ಕೂರುತ್ತದೆ ಅಂತೇನಿಲ್ಲ. ಮೋಡ ಅಯಾನುಗಳಾಗುತ್ತಿದ್ದಂತೆ ಕಾಂತಕ್ಷೇತ್ರದ ರೇಖೆಗುಂಟ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಟೋಕಮಾಕ್ ಉಂಗುರದ ಆಕಾರದ್ದು. ಉಂಗುರದ ಒಳಬದಿಯಲ್ಲಿ ಕಾಂತಕ್ಷೇತ್ರ ಬಲವಾಗಿರುತ್ತದೆ, ಹೊರಬದಿಯಲ್ಲಿ ಸಡಿಲ. ಈ ಏರುಪೇರಿನಿಂದ ಮೋಡದಲ್ಲಿರುವ ಅಯಾನುಗಳು ಒಂದು ಕಡೆಗೆ, ಎಲೆಕ್ಟ್ರಾನ್‌ಗಳು ಇನ್ನೊಂದು ಕಡೆಗೆ ಸರಿಯುತ್ತವೆ. ಒಂದು ಮೇಲೆ, ಒಂದು ಕೆಳಗೆ. ನಡುವೆ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ, ಅದು ಇಡೀ ಮೋಡವನ್ನು ಹೊರಬದಿಗೆ ತಳ್ಳುತ್ತದೆ. ಹೊರಗಿನಿಂದ ಎಸೆದಿದ್ದರೆ ಕಷ್ಟಪಟ್ಟು ಒಳಗೆ ಹಾಕಿದ್ದರಲ್ಲಿ ಒಂದು ಪಾಲು ವಾಪಸ್ ಆಚೆಗೆ ಹೋಯಿತು ಅಂತಲೇ ಲೆಕ್ಕ.

ಒಳಬದಿಯಿಂದ ಎಸೆದರೆ? ಅದೇ ತಳ್ಳಾಟ ಮೋಡವನ್ನು ನಡುಭಾಗದ ಕಡೆಗೆ ಒಯ್ಯುತ್ತದೆ. ಜರ್ಮನಿಯ ಆಸ್‌ಡೆಕ್ಸ್ ಅಪ್‌ಗ್ರೇಡ್ ಯಂತ್ರದಲ್ಲಿ ಇದನ್ನು ಮಾಡಿ ನೋಡಿದರು. 1997ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ತೊಂದರೆ ಏನಂದರೆ ಉಂಗುರದ ಒಳಬದಿಗೆ ನೇರ ದಾರಿ ಇಲ್ಲ. ಬಾಗಿದ ಕೊಳವೆಯಲ್ಲಿ ಕಳಿಸಬೇಕು. ಜೋರಾಗಿ ಹೋದರೆ ತಿರುವಿನಲ್ಲಿ ಗೋಡೆಗೆ ಬಡಿದು ಪೆಲೆಟ್ ಚೂರಾಗುತ್ತದೆ. ಅದಕ್ಕೇ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ದೊಡ್ಡ ಟೋಕಮಾಕ್‌ನಲ್ಲಿ ವೇಗವನ್ನು ಸೆಕೆಂಡಿಗೆ 300 ಮೀಟರ್ ಆಸುಪಾಸಿನಲ್ಲೇ ಇಟ್ಟುಕೊಂಡಿದ್ದಾರೆ. ಆ ವೇಗದಲ್ಲಿ ಪೆಲೆಟ್ ಪ್ಲಾಸ್ಮಾದ ಅಂಚಿನ ಹತ್ತಿರವೇ ಸವೆದು ಮುಗಿಯುತ್ತದೆ, ನಿಮ್ಮ ಅನುಮಾನ ಅಷ್ಟರ ಮಟ್ಟಿಗೆ ಸರಿ. ಅಲ್ಲಿಂದ ಮುಂದಕ್ಕೆ ಇಂಧನವನ್ನು ಒಯ್ಯುವ ಕೆಲಸ ಮೋಡದ್ದು.