ಮನೆಯಲ್ಲಿ ಸ್ಪ್ಯಾನಿಷ್ ಬಿಡಿಸಿದರೆ ಇಂಗ್ಲಿಷ್ ಬೇಗ ಬರುತ್ತಾ?

ಪ್ರಶ್ನೆ: ನಾನು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಸಹಾಯಕ ಶಿಕ್ಷಕಿ. ಮೂರನೇ ಕ್ಲಾಸಿನಲ್ಲಿ ಹೊಂಡುರಾಸ್‌ನಿಂದ ಬಂದ ಒಬ್ಬ ಹುಡುಗ ಇದ್ದಾನೆ. ಬಂದು ಎರಡು ವರ್ಷವಾಯಿತು. ಆಟದ ಮೈದಾನದಲ್ಲಿ ಪಟಪಟ ಇಂಗ್ಲಿಷ್ ಮಾತಾಡುತ್ತಾನೆ, ಗಣಿತ–ವಿಜ್ಞಾನದಲ್ಲಿ ಮಾತ್ರ ಹಿಂದೆ. "ಮನೆಯಲ್ಲಿ ಸ್ಪ್ಯಾನಿಷ್ ನಿಲ್ಲಿಸಿ" ಅಂತ ಟೀಚರ್ ಅವನ ಬಾಯಲ್ಲೇ ತಾಯಿಗೆ ಹೇಳಿ ಕಳಿಸಿದರು. ತಾಯಿಗೆ ಇಂಗ್ಲಿಷ್ ಬರುವುದಿಲ್ಲ. ಈಗ ಮಗನ ಜೊತೆ ಮಾತೇ ಕಡಿಮೆ ಮಾಡಿದ್ದಾರೆ. ಟೀಚರ್ ಹೇಳಿದ್ದು ಸರಿಯಾ?

ಉತ್ತರ: ಸರಿಯಲ್ಲ. ಆ ತಾಯಿಗೆ ಇವತ್ತೇ ಯಾರಾದರೂ ಸ್ಪ್ಯಾನಿಷ್‌ನಲ್ಲಿ ಹೇಳಬೇಕಾದ ಮಾತು ಒಂದೇ: ಮಗನ ಜೊತೆ ಮೊದಲಿನ ಹಾಗೇ ಮಾತಾಡಿ, ಇನ್ನೂ ಜಾಸ್ತಿ ಮಾತಾಡಿ.

ಟೀಚರ್ ಕೆಟ್ಟವರಲ್ಲ. ಹುಡುಗನ ಮಾತು ಕೇಳಿ ಅವರು ಮೋಸ ಹೋಗಿದ್ದಾರೆ, ಅಷ್ಟೇ. ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ ಇದನ್ನು 1980ರ ಸುಮಾರಿಗೇ ಬಿಡಿಸಿ ಹೇಳಿದ್ದರು. ಮಾತುಕತೆಯ ಇಂಗ್ಲಿಷ್ ಎರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠದ ಇಂಗ್ಲಿಷ್‌ನಲ್ಲಿ ಜೊತೆಯ ಮಕ್ಕಳ ಮಟ್ಟಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ನಿಮ್ಮ ಹುಡುಗ ಈಗ ಈ ಎರಡರ ನಡುವೆ ಇದ್ದಾನೆ.

ಒಂದು ಸಲ ಅವನ ಪಕ್ಕ ಕೂತು ನೋಡಿ. 42ರಲ್ಲಿ 17 ಕಳೆ ಅಂದರೆ ತಟ್ಟನೆ 25 ಅನ್ನಬಹುದು. ಅದೇ ಲೆಕ್ಕ "ಆನಾ ಹತ್ತಿರ 17 ಗೋಲಿ, ಲೂಯಿಸ್ ಹತ್ತಿರ 42. ಲೂಯಿಸ್ ಹತ್ತಿರ ಎಷ್ಟು ಹೆಚ್ಚಿಗೆ ಇವೆ?" ಅಂತ ಇಂಗ್ಲಿಷ್‌ನಲ್ಲಿ ಬಂದಾಗ, 'ಮೋರ್' ಅನ್ನೋದನ್ನು ಕಂಡ ತಕ್ಷಣ ಕೂಡಿ 59 ಅಂತ ಬರೆಯುವ ಮಕ್ಕಳು ಬಹಳ. ಗಣಿತ ಬರದೆ ಅಲ್ಲ. ಆ ವಾಕ್ಯದ ಹೆಣಿಗೆ ಇನ್ನೂ ಕೈಗೆ ಸಿಕ್ಕಿಲ್ಲ. ಅದೇ ಪ್ರಶ್ನೆಯನ್ನು ಸ್ಪ್ಯಾನಿಷ್‌ನಲ್ಲಿ ಕೇಳಿಸಿ. ತೊಡಕು ಗಣಿತದ್ದೋ ಭಾಷೆಯದೋ ಅಂತ ಅಲ್ಲೇ ತಿಳಿಯುತ್ತದೆ.

ವಿಜ್ಞಾನದಲ್ಲಂತೂ ಸ್ಪ್ಯಾನಿಷ್ ಅವನಿಗೆ ದೊಡ್ಡ ಆಸ್ತಿ. ಟೆಂಪರೇಚರ್‌ಗೆ ಅವರಲ್ಲಿ ಟೆಂಪೆರಾತುರಾ, ಎವಾಪರೇಷನ್‌ಗೆ ಎವಾಪೊರಾಸಿಯೋನ್, ಫ್ರ್ಯಾಕ್ಷನ್‌ಗೆ ಫ್ರಾಕ್ಸಿಯೋನ್. ಪಾತ್ರೆಯ ನೀರು ಹೇಗೆ ಆವಿಯಾಗುತ್ತದೆ ಅಂತ ತಾಯಿ ಅಡುಗೆಮನೆಯಲ್ಲಿ ವಿವರಿಸಿದ್ದರೆ, ಮರುದಿನ ಕ್ಲಾಸಿನಲ್ಲಿ ಅವನಿಗೆ ಹೊಸದು ಉಚ್ಚಾರಣೆ ಮಾತ್ರ. ಆ ಮಾತನ್ನೇ ನಿಲ್ಲಿಸಿ ಅಂದರೆ ಇಂಗ್ಲಿಷ್‌ಗೆ ಏನು ಲಾಭ, ಹೇಳಿ? ಇಂಗ್ಲಿಷ್ ಬರದ ತಾಯಿ ಇಂಗ್ಲಿಷ್ ಕಲಿಸಲಾರರು. ಮನೆಯಲ್ಲಿ ಮೌನ ಒಂದೇ ಉಳಿಯುತ್ತದೆ.

ಆದರೂ ಈ ನಂಬಿಕೆ ಯಾಕೆ ಹೋಗಿಲ್ಲ ಅಂದರೆ, ಅದರ ಬೇರು ಬಹಳ ಆಳದಲ್ಲಿದೆ. ನಿಮ್ಮ ಟೆಕ್ಸಾಸ್‌ನಲ್ಲೇ 1918ರ ಕಾನೂನಿನ ಪ್ರಕಾರ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವುದು ಅಪರಾಧವಾಗಿತ್ತು. ಅದು ರದ್ದಾಗಿದ್ದು 1969ರಲ್ಲಿ. ಮಾರ್ಫಾ ಊರಿನ ಬ್ಲ್ಯಾಕ್‌ವೆಲ್ ಶಾಲೆಯಲ್ಲಿ 1954ರಲ್ಲಿ ಮಕ್ಕಳ ಕೈಲಿ ಚೀಟಿಗಳ ಮೇಲೆ ಸ್ಪ್ಯಾನಿಷ್ ಪದಗಳನ್ನು ಬರೆಸಿ, ಪುಟ್ಟ ಪೆಟ್ಟಿಗೆಗೆ ಹಾಕಿಸಿ, "ಮಿಸ್ಟರ್ ಸ್ಪ್ಯಾನಿಷ್"ನ ಶವಸಂಸ್ಕಾರ ಅಂತ ಧ್ವಜಕಂಬದ ಹತ್ತಿರ ಹೂಳಿಸಿದರು. ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಈಗ ಆ ಶಾಲೆ ರಾಷ್ಟ್ರೀಯ ಐತಿಹಾಸಿಕ ತಾಣ.

ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಮತದಾರರೇ 'ಪ್ರಾಪೊಸಿಷನ್ 227' ಎಂಬ ಕಾನೂನನ್ನು ಒಪ್ಪಿದರು. ಒಂದು ವರ್ಷ ಇಂಗ್ಲಿಷ್‌ನಲ್ಲಿ ಮುಳುಗಿಸಿ ಎತ್ತಿದರೆ ಮಗು ಸಾಮಾನ್ಯ ಕ್ಲಾಸಿಗೆ ಸಿದ್ಧ ಎಂಬ ಲೆಕ್ಕಾಚಾರ ಅದು. ಆ ಒಂದು ವರ್ಷಕ್ಕೂ ಕಮಿನ್ಸ್ ಹೇಳಿದ ಐದರಿಂದ ಏಳು ವರ್ಷಕ್ಕೂ ತಾಳೆಯೇ ಇಲ್ಲ. 2016ರಲ್ಲಿ ಅದೇ ಮತದಾರರು 'ಪ್ರಾಪೊಸಿಷನ್ 58' ಮೂಲಕ ಅದನ್ನು ತೆಗೆದುಹಾಕಿದರು.

ಇನ್ನು ನೀವು ಮಾಡಬಹುದಾದ ಕೆಲಸ. ಟೆಕ್ಸಾಸ್‌ನಲ್ಲಿ ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಸಮಿತಿಗೆ ಎಲ್‌ಪ್ಯಾಕ್ ಅನ್ನುತ್ತಾರೆ. ಮೂರರಿಂದ ಐದನೇ ಕ್ಲಾಸಿನವರೆಗೆ ರಾಜ್ಯದ ಸ್ಟಾರ್ ಪರೀಕ್ಷೆಯನ್ನು ಸ್ಪ್ಯಾನಿಷ್‌ನಲ್ಲೂ ಬರೆಯಬಹುದು. ಯಾವ ಮಗುವಿಗೆ ಯಾವ ಭಾಷೆ ಅನ್ನುವುದು ಆ ಸಮಿತಿಯ ನಿರ್ಧಾರ. ಇವನ ವಿಷಯ ಅಲ್ಲಿ ಎತ್ತಲು ಹೇಳಿ. ಶಾಲಾ ಜಿಲ್ಲೆಯಲ್ಲಿ ಒಂದೇ ಕ್ಲಾಸಿನ ಮಟ್ಟದಲ್ಲಿ ಒಂದೇ ಮನೆಮಾತಿನ, ಇಂಗ್ಲಿಷ್ ಕಲಿಯುತ್ತಿರುವ 20 ಮಕ್ಕಳಿದ್ದರೆ ದ್ವಿಭಾಷಾ ತರಗತಿ ಕೊಡಬೇಕೆಂಬ ನಿಯಮವೂ ಇದೆ. ಇವನು ಯಾಕೆ ಅದರಲ್ಲಿಲ್ಲ, ಕೇಳಿ ನೋಡಿ. ತಾಯಿ ಶಾಲೆಗೆ ಬರಲು ಹಿಂಜರಿಯುತ್ತಿದ್ದರೆ ಕಾರಣ ಕಾಗದಪತ್ರದ ಭಯ ಇರಬಹುದು. ವಲಸೆ ದಾಖಲೆ ಇಲ್ಲ ಅಂತ ಮಗುವನ್ನು ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಅದೂ ಟೆಕ್ಸಾಸ್‌ನದೇ ಪ್ರಕರಣ. ಮುಖ್ಯವಾಗಿ, ಮಗುವನ್ನೇ ದುಭಾಷಿ ಮಾಡಬೇಡಿ. ತನ್ನ ಮೇಲಿನ ದೂರನ್ನು ತಾನೇ ಅಮ್ಮನಿಗೆ ಒಪ್ಪಿಸುವ ಕಷ್ಟ ಎಂಟು ವರ್ಷದ ಹುಡುಗನಿಗೆ ಬರಬಾರದು.

ಇನ್ನೊಂದು ಮಾತು. ಗ್ವಾಟೆಮಾಲಾದಿಂದ ಬಂದ ಮಕ್ಕಳಿದ್ದರೆ, ಸ್ಪ್ಯಾನಿಷ್ ಅವರ ಮನೆಮಾತು ಅಂತ ಸುಮ್ನೆ ಅಂದುಕೊಳ್ಳಬೇಡಿ. ಮಾಮ್, ಕಿಚೆ ಥರದ ಮಾಯಾ ಭಾಷೆ ಆಡುವವರು ಬಹಳ ಜನ ಇದ್ದಾರೆ. ಅವರಿಗೆ ಸ್ಪ್ಯಾನಿಷ್ ದುಭಾಷಿಯನ್ನು ಕರೆಸಿ ಪ್ರಯೋಜನವಿಲ್ಲ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದೇವೆ. ಮಗಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕು. ಮನೆಮಾತು ಕನ್ನಡ ಅಂತ ಬರೆದರೆ ಸ್ಪ್ಯಾನಿಷ್ ಮಕ್ಕಳ ಜೊತೆ "ಇಂಗ್ಲಿಷ್ ಬಾರದವರ" ಪಟ್ಟಿಗೆ ಹಾಕುತ್ತಾರೆ, ಇಂಗ್ಲಿಷ್ ಅಂತಲೇ ಬರೆಯಿರಿ ಅನ್ನುತ್ತಾರೆ ಗೆಳೆಯರು.

ಉತ್ತರ: ನಿಜವನ್ನೇ ಬರೆಯಿರಿ. ಕನ್ನಡ ಅಂತ ಬರೆದರೆ ಮಗಳಿಗೆ ಎಲ್‌ಪ್ಯಾಕ್ ಎಂಬ ಪರೀಕ್ಷೆ ಮಾಡುತ್ತಾರೆ (ಹೆಸರು ಕೇಳಲು ಒಂದೇ ಆದರೂ ಟೆಕ್ಸಾಸ್‌ನಲ್ಲಿ ಅದು ಸಮಿತಿ, ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆ). ಇಂಗ್ಲಿಷ್ ಚೆನ್ನಾಗಿ ಬಂದರೆ ಆ ಪಟ್ಟಿಗೆ ಸೇರಿಸುವುದೇ ಇಲ್ಲ. ಬರದಿದ್ದರೆ ಅವಳಿಗೆ ಸಿಗಬೇಕಾದ ಸಹಾಯ ಸಿಗುತ್ತದೆ. ಸುಳ್ಳು ಬರೆದರೆ ಆ ಸಹಾಯ ತಪ್ಪಬಹುದು. ಹೊಂಡುರಾಸ್ ಮಗುವಿನ ಜೊತೆ ಕೂತು ಕಲಿಯುವುದರಲ್ಲಿ ಅವಮಾನ ಏನೂ ಇಲ್ಲ. ಮನೆಯಲ್ಲಿ ಕನ್ನಡ ಮುಂದುವರಿಸಿ. ಹತ್ತಿರದ ಶಾಲೆಯಲ್ಲಿ ಇಂಗ್ಲಿಷ್–ಸ್ಪ್ಯಾನಿಷ್ ಎರಡರಲ್ಲೂ ಕಲಿಸುವ ತರಗತಿ ಇದ್ದರೆ ಅದಕ್ಕೂ ಅರ್ಜಿ ಹಾಕಿ. ಸೀಟು ಬೇಗ ತುಂಬುತ್ತವೆ, ಕೊನೆಯ ದಿನಾಂಕವನ್ನು ಶಾಲೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.