ತಾಳೆ ಜಾತಿಯ ಬಗನಿ ಮರದಿಂದ ಬೆಳಗ್ಗೆ ಇಳಿಸಿದ ಕಳ್ಳು ಸಂಜೆಗೆ ಲೋಳೆಯಾಗಿ ಹುಳಿಯುವುದೇಕೆ?

ಲೋಳೆ, ಹುಳಿ ಎರಡೂ ಬೇರೆ ಬೇರೆ ಬ್ಯಾಕ್ಟೀರಿಯಾಗಳ ಕೆಲಸ. ಸುರಿದರೆ ನೂಲಿನಂತೆ ಎಳೆ ಬರುವ ಲೋಳೆ ಲ್ಯೂಕೊನಾಸ್ಟಾಕ್‌ನದು; ಅದು ರಸದ ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಅಂಟಾಗಿಸುತ್ತದೆ. ಮೊಸರಿನಂಥ ಲ್ಯಾಕ್ಟಿಕ್ ಹುಳಿ ತುಸು ಇದ್ದರೆ ರುಚಿಯೇ. ಮೂಗಿಗೆ ಅಡರುವ ವಿನೆಗರ್ ವಾಸನೆ ಮಾತ್ರ ಅಸಿಟೊಬ್ಯಾಕ್ಟರ್‌ನದು: ಯೀಸ್ಟ್ ಮಾಡಿದ ಆಲ್ಕೋಹಾಲನ್ನು ಗಾಳಿ ಸಿಕ್ಕೊಡನೆ ಅಸಿಟಿಕ್ ಆಮ್ಲವಾಗಿಸುತ್ತದೆ. ಹಾಗಾದ ಕಳ್ಳನ್ನು ಸರಿಮಾಡಲು ಬರುವುದಿಲ್ಲ.

ತಪ್ಪು ಹೆಚ್ಚಾಗಿ ಮಡಕೆಯಲ್ಲೇ ಇರುತ್ತದೆ. ಮಣ್ಣಿನ ಸಣ್ಣ ರಂಧ್ರಗಳಲ್ಲಿ ಉಳಿದ ಹಳೇ ಮಡ್ಡಿಯೇ ಹೊಸ ರಸಕ್ಕೆ ಹೆಪ್ಪು. ಪ್ರತಿ ಸಲ ಕುದಿಯುವ ನೀರಲ್ಲಿ ತೊಳೆದು, ಬೋರಲು ಹಾಕಿ ಪೂರ್ತಿ ಒಣಗಿಸಿ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲು ನಂಬಬೇಡಿ, ಒಲೆಯ ಪಕ್ಕ ಇಡಿ. ದಿನಕ್ಕೆ 2 ಸಲ ಇಳಿಸಿ ಶೋಧಿಸಿ. ಗಾಳಿಗೆ ಜಾಗ ಕಡಿಮೆಯಾಗಲೆಂದು ಸೀಸೆಯನ್ನು ಕಂಠದವರೆಗೆ ತುಂಬಿ; ಆದರೆ ಮುಚ್ಚಳ ಬಿಗಿಯಬೇಡಿ, ಅನಿಲಕ್ಕೆ ಸೀಸೆ ಒಡೆದೀತು. ಫ್ರಿಜ್ಜಿನ 4 ಡಿಗ್ರಿ ಹುಳಿಯನ್ನು ನಿಧಾನಿಸುತ್ತದಷ್ಟೆ.